ಗ್ಯಾಂಗಿಗೆ ಹೋಗು ಎಂದವಳು

ಹುಲಿಗೆಮ್ಮ ಕೆಟ್ಟವರ ಸಂಗ ಮಾಡಿ ಹಾದಿ ತಪ್ಪಿದಳು ಎಂದು ಜನ ಹೇಳಿದರು. ಹಾಗಲ್ಲ. ಆ ಹುಡುಗಿ ನನ್ನನ್ನು ಕೇಳಿಯೇ ಹೋದಳು. ಹೋಗು ಎಂದವಳು ನಾನು.

ತೊಂಬತ್ತನೇ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಸಿಂಧನೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಆಯಾ. ಕಸ ಹೊಡೆಯುವುದು, ನೀರು ತುಂಬುವುದು ನನ್ನ ಕೆಲಸ. ಓದಿದ್ದು ಮೂರನೇ ತರಗತಿ. ಆಗ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಹೈಸ್ಕೂಲು ಹುಡುಗಿಯರನ್ನು ಕೂಡಿಸಿಕೊಂಡು ಕಳ್ಳತನಕ್ಕೆ ಬಿಟ್ಟಿದ್ದಳು. ಮಸ್ಕಿ, ಲಿಂಗಸೂಗೂರು ಬಸ್ಸು ಬಂದು ಗದ್ದಲವಾದಾಗ ಯೂನಿಫಾರ್ಮಿನ ಹುಡುಗಿ ಬಾಗಿಲಿಗೆ ಅಡ್ಡ ನಿಲ್ಲುವುದು, ಹಿಂದಿನವಳು ಚೀಲಕ್ಕೆ ಕೈ ಹಾಕುವುದು. ರಿಬ್ಬನ್ ಕಟ್ಟಿದ ಹುಡುಗಿಯ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ನಮ್ಮ ಶಾಲೆಯ ಇಬ್ಬರು ಸಿಕ್ಕಿಬಿದ್ದರೂ ಹೆಡ್ ಮೇಡಂ ಅವರನ್ನು ಹೊರಗೆ ಹಾಕಲಿಲ್ಲ. ಹೊಲಿಗೆ ಕಲಿಸುವ ನೆಪದಲ್ಲಿ, ಅಂಥವರನ್ನೂ ಅತ್ತ ವಾಲುತ್ತಿದ್ದವರನ್ನೂ ಶಾಲೆ ಬಿಟ್ಟ ಮೇಲೆ ಒಂದು ತಾಸು ಕೂಡಿಸುತ್ತಿದ್ದರು. ನಾನು ಅವರಿಗೆ ತಿನ್ನಲು ಮಂಡಕ್ಕಿಯ ಮಂಡಾಳು ಒಗ್ಗರಣೆ ಮಾಡಿಕೊಡುತ್ತಿದ್ದೆ. ಟೀಚರಿಗೆ ಹೇಳದ್ದನ್ನು ಹುಡುಗಿಯರು ನನಗೆ ಹೇಳುತ್ತಿದ್ದರು.

ಗೊರೇಬಾಳದಿಂದ ಬರುವ ಹುಲಿಗೆಮ್ಮ ಒಂಬತ್ತನೇ ತರಗತಿ. ಮಾತು ಕಡಿಮೆ. ಒಂದು ಸಂಜೆ ಎಲ್ಲರೂ ಹೋದ ಮೇಲೆ, ಬೋಗುಣಿ ತೊಳೆಯುತ್ತಿದ್ದ ನನ್ನ ಬಳಿ ಬಂದು ಕೂತಳು.

“ಆಯಮ್ಮ, ಗ್ಯಾಂಗಿಗೆ ಬಾ ಅಂತ ಗಂಟು ಬಿದ್ದಾರ. ಏನ್ ಮಾಡ್ಲಿ?”

ಆಗ ಕಾಲುವೆಗೆ ನೀರು ಬಿಟ್ಟಿದ್ದರು, ನಾಟಿ ಹಂಗಾಮು. ನೆಲ್ಲು ಹಚ್ಚಲು ಕೂಡಿ ಹೋಗುವ ಹೆಂಗಸರ ಗುಂಪಿಗೆ ನಮ್ಮ ಕಡೆ ಗ್ಯಾಂಗ್ ಎನ್ನುತ್ತಾರೆ. ಕಳ್ಳರನ್ನು ನಾವು ದೊಡ್ಡವರು ‘ಬಸ್‌ಸ್ಟ್ಯಾಂಡಿನವರು’ ಎನ್ನುತ್ತಿದ್ದೆವು. ಹುಡುಗಿಯರು ಅವರನ್ನೂ ಗ್ಯಾಂಗ್ ಎನ್ನುವುದು ನನಗೆ ಗೊತ್ತಿರಲಿಲ್ಲ.

“ಹೋಗಬೇ. ಅದಕ್ಯಾಕ ನಾಚಿಕಿ? ನಿಮ್ಮವ್ವಗ ಆಸರಾಕ್ಕೈತಿ.”

“ನೀ ಹೋಗು ಅಂತೀ?”

“ನಾನೂ ಸಣ್ಣಾಕಿದ್ದಾಗ ಹೋಗೀನಿ.”

ಅವಳು ನನ್ನ ಮುಖವನ್ನೇ ನೋಡಿದಳು. “ನೀನೂ?”

“ಮತ್ತ? ನಮ್ಮ ಓಣ್ಯಾಗ ಹೋಗದಾಕಿ ಯಾರದಾರ? ಕೈ ಚುರುಕಿರಬೇಕು, ಅಷ್ಟ.”

ಮರುವಾರದಿಂದ ಅವಳು ಹೊಲಿಗೆಗೆ ಬರಲಿಲ್ಲ. ಶಾಲೆ ಬಿಟ್ಟ ಮೇಲೆ ನಾಟಿಗೆ ಹೋಗುತ್ತಿರಬೇಕು ಎಂದುಕೊಂಡೆ. ಒಂದು ದಿನ ಶಾಲೆಯ ನಲ್ಲಿಯ ಹತ್ತಿರ ಅವಳು ಕಾಲು ತೊಳೆಯುವುದನ್ನು ಕಂಡೆ. ನೆಲ್ಲು ಹಚ್ಚುವವರ ಕಾಲ್ಬೆರಳ ಸಂದಿ ಕೆಸರಿಗೆ ಕೊಳೆತು ಬಿಳಿಚಿಕೊಂಡಿರುತ್ತದೆ. ಅವಳ ಕಾಲಿಗೆ ಏನೂ ಆಗಿರಲಿಲ್ಲ. ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಕೆಲವು ದಿನಕ್ಕೆ ಹುಲಿಗೆಮ್ಮ ಮಸ್ಕಿ ಬಸ್ಸಿನಲ್ಲಿ ಕಳ್ಳತನ ಮಾಡುವಾಗ ಸಿಕ್ಕಿಬಿದ್ದಳು. ಜನ ಹೊಡೆದಿದ್ದರು, ತುಟಿ ಒಡೆದಿತ್ತು. ಯೂನಿಫಾರ್ಮ್ ನೋಡಿ ಕಂಡಕ್ಟರ್ ಶಾಲೆಗೇ ತಂದುಬಿಟ್ಟ. ಹೆಡ್ ಮೇಡಂ ಕೋಣೆಯಲ್ಲಿ ಸೇರಿದ್ದ ಟೀಚರುಗಳು, ಟಿ.ಸಿ. ಕೊಟ್ಟು ಇವಳ ಹೆಸರು ತೆಗೆಯಿರಿ ಎನ್ನುತ್ತಿದ್ದರು.

“ಆಯಮ್ಮನ್ನ ಕೇಳೇ ಹೋಗೀನ್ರಿ,” ಎಂದಳು ಹುಲಿಗೆಮ್ಮ. “ಆಕೀನೂ ಹೋಗಿದ್ಲಂತ.”

ಒಬ್ಬ ಟೀಚರ್ ನಕ್ಕರು. “ಸುಳ್ಳಾದ್ರೂ ನಂಬೂವಂಥಾದ್ದು ಹೇಳಬೇ.”

“ಖರೇ ಐತ್ರಿ,” ಎಂದೆ. “ನಾನು ನೆಲ್ಲು ಹಚ್ಚೋ ಗ್ಯಾಂಗ್ ಅಂತ ತಿಳಿದಿದ್ದೆ.”

ಹೆಡ್ ಮೇಡಂ ನನ್ನ ಕಡೆ ತಿರುಗಿದರು. “ಯಾವ ಗ್ಯಾಂಗ್ ಅಂತ ಒಂದ್ ಮಾತು ಕೇಳಲಿಲ್ಲೇನು?”

“ಇಲ್ರಿ.”

ನಾಳೆ ಅವಳು ಶಾಲೆಗೆ ಬಂದರೆ ಇಟ್ಟುಕೊಳ್ಳೋಣ, ಬರದಿದ್ದರೆ ಟಿ.ಸಿ. ಎಂದರು ಹೆಡ್ ಮೇಡಂ. ಹುಲಿಗೆಮ್ಮ ಯಾರನ್ನೂ ನೋಡದೆ ಹೊರಟುಹೋದಳು.

ಮಕ್ಕಳು ಏನಾದರೂ ಕೇಳಿದರೆ, ಉತ್ತರ ಹೇಳುವ ಮೊದಲು ಅವರು ಕೇಳಿದ್ದೇನು ಎಂದು ತಿಳಿಯಬೇಕು. ಇಷ್ಟು ಸಣ್ಣ ಸಂಗತಿ ನನಗೆ ಗೊತ್ತಾಗಲು ಆ ಹುಡುಗಿಯ ತುಟಿ ಒಡೆಯಬೇಕಾಯಿತು.

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಗೊರೇಬಾಳಕ್ಕೆ ಹೋದೆ. ಅವಳು ಮನೆಕಟ್ಟೆಯ ಮೇಲೆ ಯೂನಿಫಾರ್ಮ್ ಹಾಕಿಕೊಂಡೇ ಕೂತಿದ್ದಳು.

“ಈಗೇನು ಹೇಳಾಕ ಬಂದಿ?”

“ಹೇಳಾಕಲ್ಲ, ಕೇಳಾಕ. ಸಾಲಿಗೆ ಯಾಕ ಹೊಂಟಿಲ್ಲ?”

“ಬಸ್‌ಸ್ಟ್ಯಾಂಡಿನ್ಯಾಗ ಇಳೀಬೇಕಲ್ಲ. ಆಕಿ ಅಲ್ಲೇ ನಿಂತಿರ್ತಾಳ.”

ಇದನ್ನು ನಾವು ಯಾರೂ ಕೇಳಿರಲಿಲ್ಲ. ಎಬ್ಬಿಸಿಕೊಂಡು ಬಂದೆ. ಸಿಂಧನೂರಿನಲ್ಲಿ ಇಳಿದಾಗ ಆ ಹೆಂಗಸು ಚಹಾದಂಗಡಿಯ ಮುಂದಿದ್ದಳು. “ಹುಲಿಗಿ, ಬಾಬೇ ಇಲ್ಲೆ,” ಎಂದಳು. ನಾನು ಹುಲಿಗೆಮ್ಮನ ಕೈ ಹಿಡಿದು ಆ ಹೆಂಗಸಿನ ಎದುರೇ ದಾಟಿದೆ. ಹುಲಿಗೆಮ್ಮ ನನ್ನ ಕೈ ಹಿಡಿಯಲಿಲ್ಲ. ಬಿಡಿಸಿಕೊಳ್ಳಲೂ ಇಲ್ಲ. ಶಾಲೆಯ ಗೇಟಿನವರೆಗೂ ಹಾಗೆಯೇ ನಡೆದೆವು.