ಬೆಲ್ಟ್ ವಿಚಾರಿಸಲು ಹೋದ ದಿನ

ಕಳೆದ ವರ್ಷ ಸಂಕ್ರಾಂತಿ ಮುಗಿದ ಮರುವಾರದ ಮಾತು. ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ ಹಸು ಕಟ್ಟಿಕೊಂಡು ಬದುಕುವ ಮನೆ ನಮ್ಮದು. ಯಜಮಾನರು ದಿನಾ ಟ್ರೈನಿನಲ್ಲಿ ಬೆಂಗಳೂರಿನ ಫ್ಯಾಕ್ಟರಿಗೆ ಹೋಗಿಬರುತ್ತಾರೆ. ಮಾವನವರಿಗೆ ಕಿಡ್ನಿ ತೊಂದರೆ. ಸೋಮವಾರ, ಗುರುವಾರ ಕೋಲಾರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಲೇಬೇಕು. ಅದಕ್ಕೆಂದೇ ಒಬ್ಬ ಬ್ರೋಕರ್ ಮೂಲಕ ಒಂದು ಹಳೇ ಡೀಸೆಲ್ ಕಾರು ತೆಗೆದುಕೊಂಡೆವು. ಓಡಿಸುವುದನ್ನು ನಾನೇ ಕಲಿತೆ.

ಆ ಬುಧವಾರ ಆಯಿಲ್ ಬದಲಾಯಿಸಲು ರಾಬರ್ಟ್‌ಸನ್‌ಪೇಟೆಯ ಗ್ಯಾರೇಜಿಗೆ ಹೋಗಿದ್ದೆ. ಮೆಕ್ಯಾನಿಕ್ ಬಾನೆಟ್ ಮುಚ್ಚುತ್ತಾ, "ಅಕ್ಕಾ, ಟೈಮಿಂಗ್ ಬೆಲ್ಟ್ ಯಾವಾಗ ಹಾಕ್ಸಿದ್ದು?" ಎಂದು ಕೇಳಿದ. ಹಾಗೊಂದು ಬೆಲ್ಟ್ ಇರುವುದೇ ನನಗೆ ಗೊತ್ತಿರಲಿಲ್ಲ. ಇಂಜಿನ್ನಿನ ಒಳಗಿನ ಭಾಗಗಳನ್ನು ಹೊಂದಿಸಿ ತಿರುಗಿಸುವ, ಹಲ್ಲುಗಳಿರುವ ರಬ್ಬರ್ ಪಟ್ಟಿಯಂತೆ ಅದು.

"ಕಿತ್ತೋಗೋ ಮುಂಚೆ ಸದ್ದು ಗಿದ್ದು ಏನೂ ಬರಲ್ಲ ಅಕ್ಕಾ. ಕಿತ್ರೆ ಇಂಜಿನ್ನೇ ಓಗ್ತದೆ. ಒಸದಾದ್ರೆ ಇನ್ನೂ ಎಷ್ಟೋ ಓಡ್ತದೆ, ಹಳೇದಾದ್ರೆ ಈಗ್ಲೇ ತೆಗೀಬೇಕು. ಬಿಚ್ಚಿದ್ರೆ ಎರಡು ದಿನ ಗಾಡಿ ಇಲ್ಲೇ ನಿಲ್ತದೆ."

ಮರುದಿನವೇ ಗುರುವಾರ. ಯಜಮಾನರಿಗೆ ಫೋನ್ ಮಾಡಿದೆ. "ಬೆಲ್ಟು ಒಸದು ಅಂತ ಬ್ರೋಕರ್ ಯೋಳಿದ್ನಲ್ಲ. ಬ್ಯಾಸ್ಗೆಗೆ ನೋಡನ ಬಿಡು" ಎಂದರು. ಮನೆಗೆ ಫೋನ್ ಮಾಡಿದರೆ ಮಾವ, "ಓಡ್ತಿರೋ ಗಾಡೀನ ಯಾಕಮ್ಮ ಬಿಚ್ಚುಸ್ತೀಯ" ಎಂದರು. ನನಗೆ ಸಮಾಧಾನವಾಗಲಿಲ್ಲ. ಡಯಾಲಿಸಿಸ್ ಮುಗಿಸಿ ಬರುವಾಗ ಅವರು ಸುಸ್ತಾಗಿ ಕಣ್ಣು ಮುಚ್ಚಿಕೊಂಡಿರುತ್ತಾರೆ. ಅಂಥ ಹೊತ್ತಿನಲ್ಲಿ ಕಾರು ದಾರಿಯಲ್ಲಿ ನಿಂತುಬಿಟ್ಟರೆ? ಮೊದಲು ಕಾರು ಇಟ್ಟುಕೊಂಡಿದ್ದವರು ಅಲ್ಲೇ ಹತ್ತಿರದ ಕೋರಮಂಡಲ್‌ನ ರಿಟೈರ್ಡ್ ಟೀಚರ್ ಎಂದು ಕೇಳಿದ್ದೆ. ಅವರನ್ನೇ ಕೇಳಿಬಿಡೋಣ ಎಂದು ಹೊರಟೆ.

ಒಂದೆರಡು ಕಡೆ ವಿಚಾರಿಸಿದ ಮೇಲೆ ಮನೆ ಸಿಕ್ಕಿತು. ಬಟ್ಟೆ ಒಣಹಾಕುತ್ತಿದ್ದ ರೋಸಲಿನ್ ಟೀಚರ್, "ಅರೆ, ನಮ್ಮ ಗಾಡಿ" ಎನ್ನುತ್ತಾ ಗೇಟಿಗೆ ಬಂದರು. ಮೊಣಕಾಲು ನೋವಿಗೆ ಕ್ಲಚ್ ತುಳಿಯಲಾಗದೆ ಇದನ್ನು ಮಾರಿ, ಕ್ಲಚ್ ಇಲ್ಲದ ಸಣ್ಣ ಕಾರು ಕೊಂಡಿದ್ದರಂತೆ. ನಾನು ಬಂದ ಕಾರಣ ಹೇಳಿದಾಗ ಅವರ ನಗು ನಿಂತುಹೋಯಿತು.

"ಬೆಲ್ಟ್ ಮಾತ್ರ ನಾನು ಮಾಡ್ಸಿಲ್ಲಮ್ಮಾ. ತಗೊಳ್ಳೋರಿಗೆ ಮೊದ್ಲು ಅದನ್ನೇ ಹೇಳಿ ಅಂತ ಬ್ರೋಕರ್‌ಗೆ ಹೇಳಿದ್ದೆ. ಹೇಳಿಲ್ವಾ?"

"ನಮ್ಮೆಜಮಾನ್ರಿಗೆ ಒಸದು ಅಂದ್ನಂತೆ ಟೀಚರ್."

ಅವರು ಬಾನೆಟ್ ಮೇಲೆ ಕೈಯಿಟ್ಟರು. "ಶೋರೂಮಿಂದ ಬಂದಾಗ ಇದ್ದ ಬೆಲ್ಟೇ ಇದು. ಇನ್ನು ಸ್ಟಾರ್ಟ್ ಮಾಡ್ಬೇಡಿ."

"ನಾಳೆ ನಮ್ಮಾವನ್ನ ಡಯಾಲಿಸಿಸ್‌ಗೆ ಕರ್ಕೊಂಡೋಗ್ಬೇಕು ಟೀಚರ್. ನಾಳೆ ಒಂದಿನ ಓಡ್ಸಿ ಆಮೇಲೆ ಬಿಚ್ಚುಸ್ತೀನಿ."

"ನಾಳೆ ತಂಕ ಇರುತ್ತೆ ಅಂತ ಯಾರು ಹೇಳಿದ್ದು? ನಾಳೆ ನಾನು ಕರ್ಕೊಂಡು ಹೋಗ್ತೀನಿ. ನಿಮ್ಮ ಊರಿನ ದಾರಿ ಹೇಳಿ."

ಗುರುತು ಪರಿಚಯ ಇಲ್ಲದವರಿಗೆ ಇಷ್ಟು ತೊಂದರೆ ಕೊಡುವುದು ಹೇಗೆ? ಕೀ ಹಿಡಿದುಕೊಂಡು ಕಾರಿನ ಪಕ್ಕ ನಿಂತೆ. ಗ್ಯಾರೇಜೇನೂ ದೂರವಿರಲಿಲ್ಲ, ಮೆಲ್ಲಗೆ ಓಡಿಸಿಕೊಂಡು ಹೋಗಿಬಿಡಲೇ ಎಂದೂ ಅನ್ನಿಸಿತು. ಆದರೆ ಮಾವನವರ ಮುಖ ನೆನಪಾಯಿತು. ಈ ಕಾರಿನ ಇಂಜಿನ್ ಹೋದರೆ ಇನ್ನೊಂದು ಕಾರು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವನು ಜೀಪು ತಂದು, ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಟೀಚರ್‌ಗೆ ನಮ್ಮ ಊರಿನ ದಾರಿ ಹೇಳಿದೆ, ಅವರು ನನ್ನನ್ನು ಬಸ್ಸು ಹತ್ತಿಸಿದರು.

ಮರುದಿನ ಬೆಳಿಗ್ಗೆ ಹಾಲು ಹಾಕಿ ಬರುವಷ್ಟರಲ್ಲಿ ಅವರ ಕಾರು ನಮ್ಮ ಕೊಟ್ಟಿಗೆ ಮುಂದೆ ನಿಂತಿತ್ತು. ಒಗೆದ ಪಂಚೆ ಉಟ್ಟು ನಿಂತಿದ್ದ ಮಾವನಿಗೆ ಮುಂದಿನ ಸೀಟಿನಲ್ಲಿ ಕೂರಲು ಸಂಕೋಚ.

"ನಮ್ಮಿಂದ ನಿಮ್ಗ್ಯಾಕಮ್ಮ ಈ ಕಷ್ಟ" ಎಂದರು.

"ದಾರಿ ತೋರ್ಸೋಕೆ ಯಾರಾದ್ರೂ ಮುಂದೆ ಬೇಕಲ್ಲಣ್ಣಾ. ಕೂತ್ಕೊಳ್ಳಿ" ಎಂದರು ಟೀಚರ್.

ಬಂಗಾರಪೇಟೆ ದಾಟುವ ಹೊತ್ತಿಗೆ ಮಾವ ತೆಲುಗಿನಲ್ಲಿ, ಟೀಚರ್ ತಮಿಳಿನಲ್ಲಿ ಮಾತಿಗೆ ಬಿದ್ದಿದ್ದರು. ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗದಿದ್ದಾಗ ಮಾತ್ರ ಕನ್ನಡ. ಹಸುವಿನ ಹಿಂಡಿಯಿಂದ ಹಿಡಿದು ಮೊಣಕಾಲಿಗೆ ಹಚ್ಚುವ ಎಣ್ಣೆಯವರೆಗೆ ಎಲ್ಲವೂ ಬಂತು. ಆಸ್ಪತ್ರೆಗೆ ಹೋಗುವ ದಿನ ಮಾವ ನಗುವುದನ್ನು ನಾನು ನೋಡಿದ್ದು ಅವತ್ತೇ ಮೊದಲು. ಟೀಚರ್ ಕೊನೆಯವರೆಗೂ ಕಾದರು. ಡಬ್ಬಿಯಲ್ಲಿ ತಂದ ಚಿತ್ರಾನ್ನವನ್ನು ಹೊರಗಿನ ಬೆಂಚಿನ ಮೇಲೆ ಇಬ್ಬರೂ ಹಂಚಿಕೊಂಡು ತಿಂದೆವು.

ಮಧ್ಯಾಹ್ನ ಮೆಕ್ಯಾನಿಕ್ ಬೆಲ್ಟಿನ ಫೋಟೋ ಕಳಿಸಿದ. ಅಂಚಿನಲ್ಲಿ ದಾರ ಎದ್ದಿತ್ತು, ಕೆಲವು ಹಲ್ಲು ಉದುರಿದ್ದವು. ಫೋನ್ ಮಾಡಿದರೆ, "ಬಗ್ಗಿಸಿದ ಕೂಡ್ಲೆ ಸೀಳ್ತು ಅಕ್ಕಾ. ಇವತ್ತು ಇದ್ರಲ್ಲಿ ಓಗಿದ್ರೆ ವಾಪಸ್ ಬರ್ತಿದ್ರೋ ಇಲ್ವೋ, ಹೇಳಕ್ಕಾಗಲ್ಲ" ಎಂದ. ಡಯಾಲಿಸಿಸ್ ಮುಗಿಸಿ ಬಂದ ಮಾವನಿಗೆ ಫೋಟೋ ತೋರಿಸಿದೆ. ಅವರು ಅದನ್ನು ನೋಡಿ, "ನಮ್ ಮಾತು ಕೇಳ್ದೆ ಇದ್ದಿದ್ದೇ ಒಳ್ಳೇದಾಯ್ತಮ್ಮ" ಎಂದರು.

ಶನಿವಾರ ಹೊಸ ಬೆಲ್ಟಿನೊಂದಿಗೆ ಕಾರು ಮನೆಗೆ ಬಂತು. ಈಗಲೂ ಕೆಲವು ಭಾನುವಾರ ಟೀಚರ್ ಫೋನ್ ಬರುತ್ತದೆ. "ಗಾಡಿ ಹೇಗಿದೆ?" ಎನ್ನುತ್ತಾರೆ. "ಚೆನ್ನಾಗದೆ ಟೀಚರ್" ಎನ್ನುತ್ತೇನೆ. "ಹಾಗಾದ್ರೆ ನಾಳೆ ನಾನೂ ಬರ್ತೀನಿ" ಎಂದು ಹೇಳಿ, ಮರುದಿನ ಬಂಗಾರಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಕಾರು ಹತ್ತುತ್ತಾರೆ. ಹಿಂದಿನ ದಿನವೇ ಮಾವ, ಟೀಚರ್‌ಗೆ ಕೊಡಲು ತುಪ್ಪ ಕಾಯಿಸು ಎಂದು ನೆನಪಿಸುತ್ತಾರೆ. ಡಯಾಲಿಸಿಸ್ಸಿನ ದಿನವನ್ನೂ ನಮ್ಮ ಮನೆಯಲ್ಲಿ ಹೀಗೆ ಎದುರು ನೋಡುತ್ತೇವೆಂದು ನಾನು ಎಣಿಸಿರಲಿಲ್ಲ.