ಕೃಪೆ: ಅಂತರ್ಜಾಲ

ನನ್ನ ಸಂಶೋಧನಾ ಪ್ರಬಂಧಕ್ಕೆ ಹಳೇ ಮಣ್ಣಿನ ಬ್ಯಾರನ್ನಿನ ಚಿತ್ರವೊಂದು ಬೇಕಿತ್ತು. ಹೊಗೆಸೊಪ್ಪನ್ನು ಬಿಸಿಗೆ ಹದಮಾಡುವ ಅಂಥ ಮನೆಗಳು ಹುಣಸೂರಿನ ಸುತ್ತ ನಾನು ಹುಡುಕಿ ಹೋಗುವ ಹೊತ್ತಿಗೆ ನೆಲಸಮವಾಗಿದ್ದವು. ಅಂತರ್ಜಾಲದಲ್ಲಿ ನೋಡಿದರೆ ಬರೀ ಅಮೆರಿಕದ ಮರದ ಕೊಟ್ಟಿಗೆಗಳು. ಕಡೆಗೆ, ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ತಾಣವೊಂದರಲ್ಲಿ ಗಾವಡಗೆರೆಯದೊಂದು ಸಿಕ್ಕಿತು. ತೆಗೆದವರು ಯಾರೋ ಅಪರಿಚಿತರು. ದುಡ್ಡು ಬೇಡ, ಅನುಮತಿ ಕೇಳುವುದೂ ಬೇಡ. ತಮ್ಮ ಹೆಸರು, ಪರವಾನಗಿ, ಕೊಂಡಿ ಇಷ್ಟು ಹಾಕಿದರೆ ಸಾಕು ಎಂದಿದ್ದರು. ಹಾಕಿದೆ.

ನನ್ನ ಮಾರ್ಗದರ್ಶಕರು ಆ ಸಾಲನ್ನು ಹೊಡೆದುಹಾಕಿದರು. "ಇದೇನ್ರೀ, ಚಿತ್ರಕ್ಕಿಂತ ಬಾಲಾನೇ ಉದ್ದ? 'ಕೃಪೆ: ಅಂತರ್ಜಾಲ' ಅಂತ ಹಾಕಿ. ಎಲ್ಲರೂ ಹಾಕೋದು ಅದನ್ನೇ. ತಿದ್ದಿ ತನ್ನಿ, ಸಹಿ ಮಾಡ್ತೀನಿ."

ಅವರ ಸಹಿಯಿಲ್ಲದೆ ಪ್ರಬಂಧ ಸಲ್ಲಿಸುವಂತಿರಲಿಲ್ಲ. ಉಳಿದಿದ್ದದ್ದು ಒಂದೇ ವಾರ. ನಿಜ ಹೇಳಬೇಕೆಂದರೆ, ಎಂ.ಎ.ಯಲ್ಲಿ ನಾನೂ ಹಾಗೇ ಹಾಕಿ ಪಾಸಾದವಳು. ಈ ಸಲ ಯಾಕೋ ಮೈಯೆಲ್ಲ ಉರಿಯಿತು.

ಊರಿಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಕಂಡವರ ಬ್ಯಾರನ್ನುಗಳಲ್ಲಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ನಮ್ಮನ್ನು ಸಾಕಿದವಳು. ತಾನು ಕಟ್ಟಿದ ಕಡ್ಡಿಯ ತುದಿಗೆ ಸೀರೆಯ ಚಿಂದಿಯೊಂದನ್ನು ಗಂಟು ಹಾಕುತ್ತಿದ್ದಳು, ಬೇರೆಯವರದರ ಜೊತೆ ಬೆರೆಯದಿರಲಿ ಎಂದು.

"ಅಂತರ್ಜಾಲ ಏನ್ ಬಂದು ಪಟ ತೆಗೀತಾ?" ಅಂದಳು. "ನಾನ್ ಕಟ್ಟಿದ್ ಕಡ್ಡೀನ ಇನ್ನೊಬ್ಬಳು ತನ್ನದು ಅಂದಿದ್ರೆ ನಾನ್ ಬುಟ್ಬುಡ್ತಿದ್ನಾ? ಅಳಿಸ್ಬ್ಯಾಡ ಕಣವ್ವ."

ಅಳಿಸಲಿಲ್ಲ. ಸರಿಯಾಗಿ ಹೆಸರು ಹಾಕಿದ ಪುಸ್ತಕವೊಂದನ್ನು ಮಾರ್ಗದರ್ಶಕರಿಗೆ ತೋರಿಸೋಣವೆಂದು ವಿಭಾಗದ ಗ್ರಂಥಾಲಯದಲ್ಲಿ ಹುಡುಕತೊಡಗಿದೆ. ಅವರದೇ ಹೊಸ ಪುಸ್ತಕ ಕೈಗೆ ಬಂತು. ನಡುವಿನ ಪುಟದಲ್ಲಿ ಅವ್ವ ಕೂತಿದ್ದಳು. ಪಿರಿಯಾಪಟ್ಟಣದ ಹತ್ತಿರ ಸೊಪ್ಪು ಕಟ್ಟುವಾಗ ನಾನೇ ತೆಗೆದು, ಅದೇ ತಾಣಕ್ಕೆ ಹಾಕಿದ್ದ ಫೋಟೋ. ಅವ್ವನ ಹೆಸರು, ನನ್ನ ಹೆಸರು ಎರಡನ್ನೂ ಅಲ್ಲಿ ಬರೆದಿದ್ದೆ. ಪುಸ್ತಕದಲ್ಲಿ ಎರಡೂ ಇಲ್ಲ. ಅದೇ 'ಕೃಪೆ: ಅಂತರ್ಜಾಲ'. ಸಿಟ್ಟಿಗೆ ಅಳುವೇ ಬಂತು.

ಮರುದಿನ ಪುಸ್ತಕ, ಪ್ರಬಂಧ ಎರಡನ್ನೂ ಅವರ ಮೇಜಿನ ಮೇಲಿಟ್ಟೆ.

"ಇವ್ರು ನಮ್ಮವ್ವ ಸರ್. ಫೋಟೋ ತೆಗೆದೋಳು ನಾನು."

ಅವರು ಕನ್ನಡಕ ತೆಗೆದರು. "ಮೊದಲೇ ಹೇಳಬಾರದಾಗಿತ್ತೇನ್ರೀ?"

"ಹೇಳಿದ್ದೆ ಸರ್. ಫೋಟೋ ಕೆಳಗೇ ಬರೆದಿದ್ದೆ."

"ಆಯ್ತು, ಮುಂದಿನ ಮುದ್ರಣದಲ್ಲಿ ಸರಿಮಾಡೋಣ."

ಸಿಟ್ಟು ಬಂದರೆ ನನ್ನ ಬಾಯಿಗೆ ಊರಿನ ಮಾತೇ ಬರುವುದು. "ಅಲ್ಲೀಗಂಟ ಕಾಯಕ್ಕಾಗಲ್ಲ ಸರ್. ಈ ಪ್ರತೀಲೇ ಹೆಸರು ಬರೀರಿ. ನನ್ ಪ್ರಬಂಧದ್ ಸಹಿ ವಿಚಾರ ಆಮೇಲ್ ನೋಡಾಣ."

ಐದು ವರ್ಷದ ದುಡಿಮೆ ನೀರಿಗೆ ಹೋದರೂ ಹೋಗಲಿ ಎಂದೇ ನಿಂತಿದ್ದೆ. ಅವರು ಪುಸ್ತಕವನ್ನು ತಮ್ಮತ್ತ ಎಳೆದುಕೊಂಡರು. ಆಮೇಲೆ ಪೆನ್ನು ತೆಗೆದುಕೊಂಡು ಕೇಳಿದರು:

"ನಿಮ್ಮ ತಾಯಿಯವರ ಹೆಸರೇನು?"