ಮೋಲ್ಡಿನ ಬಿಸಿ, ನನ್ನ ವಿಜ್ಞಾನ

ಪರಂಗಿ ಹಣ್ಣು ಬಹಿರುಷ್ಣಕ, ಮಜ್ಜಿಗೆ ಅಂತರುಷ್ಣಕ. ಹೀಗೆಂದು ಉತ್ತರ ಬರೆದವಳು ಬೇರೆ ಯಾರೂ ಅಲ್ಲ, ನಾನೇ. ಎಸ್ಸೆಸ್ಸೆಲ್ಸಿಯ ವಿಜ್ಞಾನದಲ್ಲಿ ಹುಡುಗಿಯಾಗಿದ್ದಾಗ ಒಂದು ಸಲ, ಹೋದ ವರ್ಷ ಇನ್ನೊಂದು ಸಲ ಡುಮ್ಕಿ ಹೊಡೆದು, ಮತ್ತೆ ಕಟ್ಟಿದ್ದೆ. ಉಳಿದ ವಿಷಯಗಳೆಲ್ಲ ಮದುವೆಗೆ ಮುಂಚೆಯೇ ಪಾಸಾಗಿದ್ದವು, ಇದೊಂದು ಕಬ್ಬಿಣದ ಕಡಲೆ. ನಲವತ್ತು ದಾಟಿದವಳು ಪುಸ್ತಕ ಹಿಡಿದಳೆಂದು ಯಲಹಂಕದ ಪಕ್ಕದ ಕೋಗಿಲಿನ ನಮ್ಮ ಬೀದಿಯವರೆಲ್ಲ ನಕ್ಕರು. ನಮ್ಮ ಯಜಮಾನರು ನಗಲಿಲ್ಲ. "ಈ ಸಲಾನೂ ಆಗ್ಲಿಲ್ಲ ಅಂದ್ರೆ ಬಿಟ್ಬಿಡು ಕಣೇ" ಎಂದರು. ನಕ್ಕಿದ್ದರೇ ವಾಸಿಯಿತ್ತು. ರೋಷಕ್ಕೆ ಬಿದ್ದು, ಬಿಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ನನಗೆ ಪಾಠ ಹೇಳುತ್ತಿದ್ದವಳು ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿ. ವಿಜಯಪುರದ ಕಡೆಯವಳು, ಯಲಹಂಕದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲೆಕ್ಚರರ್. ನನ್ನ ಉತ್ತರ ಓದಿ ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು. ತಪ್ಪೇನಿದೆ? ಪರಂಗಿ ಉಷ್ಣವೆಂದು ಬಸುರಿಯರಿಂದ ದೂರ ಇಡುವುದಿಲ್ಲವೇ? ಬೇಸಿಗೆಯಲ್ಲಿ ಮಜ್ಜಿಗೆ ಕುಡಿಯುವುದು ಮತ್ತೆ ಯಾತಕ್ಕೆ? ಅವಳು ನಗು ತಡೆದುಕೊಂಡು ಬಿಡಿಸಿ ಹೇಳಿದಳು. ಪದಾರ್ಥಗಳು ಸೇರಿ ಹೊಸದೊಂದು ಆಗುವಾಗ ಶಾಖ ಹೊರಗೆ ಬರುತ್ತದೋ ಒಳಗೆ ಹೋಗುತ್ತದೋ, ನೋಡಬೇಕಾದದ್ದು ಅಷ್ಟೇ ಅಂತೆ. ಹೊರಗೆ ಬಂದರೆ ಬಹಿರುಷ್ಣಕ, ಒಳಗೆ ಹೋದರೆ ಅಂತರುಷ್ಣಕ. ತಟ್ಟೆಯಲ್ಲಿ ತನ್ನ ಪಾಡಿಗೆ ಕೂತ ಪರಂಗಿ ಎರಡೂ ಅಲ್ಲ.

ಸರಿ, ಒಪ್ಪಿದೆ. ಆದರೆ ಶಾಖ ಒಳಗೆ ಹೋದರೆ ಬಿಸಿಯಾಗಬೇಕಲ್ಲ, ತಣ್ಣಗಾಗುತ್ತದೆ ಎಂದು ಪುಸ್ತಕದಲ್ಲಿ ಯಾಕಿದೆ? ಅವಳು ಮತ್ತೆ ಮತ್ತೆ ಹೇಳಿದಳು, ನಾನು ಮತ್ತೆ ಮತ್ತೆ ತಲೆಯಾಡಿಸಿದೆ, ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಪರೀಕ್ಷೆಗೆ ಉಳಿದದ್ದು ಒಂದು ವಾರ.

ಆ ವಾರವೇ ನಾವು ಕಟ್ಟಿಸುತ್ತಿದ್ದ ಮೇಲ್ಮನೆಗೆ ಮೋಲ್ಡ್ ಬಿತ್ತು. ಕಾಂಕ್ರೀಟ್ ಚಾವಣಿ ಹಾಕಿಸಿ, ಕೆಲಸದವರಿಗೆಲ್ಲ ಊಟ ಬಡಿಸಿ ಸುಸ್ತಾಗಿ ಮಲಗಿದ್ದೆವು. ಮಾರನೆಯ ಬೆಳಗ್ಗೆ ನಮ್ಮ ಮಾವ ಮಣ್ಣು ತುಂಬಿದ ಬಾಂಡ್ಲಿ ಹೊತ್ತು ಮೇಲೆ ಹತ್ತಿದರು. ಒಂದು ಕಾಲಕ್ಕೆ ಸೊಪ್ಪು ಬೆಳೆದ ಕೈ ಅದು. ಚಾವಣಿಯ ಮೇಲೂ ಸೊಪ್ಪಿನ ಮಡಿಗೆ ಕಟ್ಟುವ ಹಾಗೆಯೇ ಅಚ್ಚುಕಟ್ಟಾಗಿ ಬದು ಕಟ್ಟಿ ನೀರು ನಿಲ್ಲಿಸುತ್ತಾರೆ, ಮೇಸ್ತ್ರಿಗೆ ಬಿಟ್ಟುಕೊಡುವವರಲ್ಲ. ನಾನು ಪೈಪ್ ಹಿಡಿದು ಹಿಂದೆ ಹೋದೆ. ಬಗ್ಗಿ ಅಂಗೈ ಊರಿದರೆ ಚಾವಣಿ ಬೆಚ್ಚಗಿತ್ತು. ಮೋಡ ಮುಚ್ಚಿದ ಬೆಳಗು, ಗಾಳಿ ತಣ್ಣಗೆ ಬೀಸುತ್ತಿತ್ತು.

"ಇಂಗೇ ಕಣವ್ವಾ, ಒಸಾ ಮೋಲ್ಡು ಮೈ ಕಾಯ್ತದೆ. ಅದುಕ್ಕೇ ನೀರ್ ಕಟ್ಟೋದು" ಎಂದರು ಮಾವ.

ಸಿಮೆಂಟ್ ಮೂಟೆ ಶೆಡ್ಡಿನಲ್ಲಿ ತಣ್ಣಗೆ ಬಿದ್ದಿತ್ತು. ಸಂಪಿನ ನೀರೂ ತಣ್ಣಗಿತ್ತು. ಬೆಂಕಿ ಹಚ್ಚಿದವರಿಲ್ಲ, ಬಿಸಿಲಂತೂ ಬಿದ್ದೇ ಇಲ್ಲ. ಹಾಗಾದರೆ ಈ ಬಿಸಿ ಎಲ್ಲಿಂದ ಬಂತು? ಅವೆರಡೂ ಸೇರಿ ಗಟ್ಟಿಯಾಗುವಾಗ ಒಳಗಿನಿಂದಲೇ ಬಂದದ್ದು! ಪೈಪ್ ಅಲ್ಲೇ ಬಿಸಾಕಿ ಮೆಟ್ಟಿಲಿಳಿದು ಓಡಿದೆ. ಮಾವ ಹಿಂದಿನಿಂದ ಏನೋ ಬೈಯುತ್ತಿದ್ದರು.

ಹಲ್ಲುಜ್ಜುತ್ತಿದ್ದ ಹುಡುಗಿಯನ್ನು ನಿಲ್ಲಿಸಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವಳು ಬಾಯಿ ಮುಕ್ಕಳಿಸಿ, ಒಳಗಿನಿಂದ ನಿಂಬೆ ಉಪ್ಪು, ಅಡುಗೆ ಸೋಡಾ ತಂದು ನನ್ನ ಅಂಗೈಗೆ ಹಾಕಿ ಮೇಲೆ ಸ್ವಲ್ಪ ನೀರು ಬಿಟ್ಟಳು. ಬುಸ್ಸೆಂದು ನೊರೆ ಉಕ್ಕಿತು. ಉಕ್ಕಿದ್ದು ಬಿಸಿ ಇರಬೇಕೆಂದುಕೊಂಡರೆ ಅಂಗೈ ತಣ್ಣಗಾಗುತ್ತಿದೆ.

"ಅದಕ್ಕ ಬೇಕಾದ ಬಿಸಿನ ಎಲ್ಲಿಂದ ಎಳ್ಕೊಂಡೈತಿ, ಹೇಳ್ರಿ ಅಕ್ಕಾರ" ಎಂದಳು.

"ನನ್ನ ಕೈಯಿಂದ" ಎಂದೆ.

ಅಯ್ಯೋ, ಇಷ್ಟೇನಾ? ಶಾಖ ಹೋದದ್ದು ಅದರೊಳಗೆ, ಕಳೆದುಕೊಂಡದ್ದು ನನ್ನ ಕೈ, ಆ ನೀರು. ತಣ್ಣಗಾದದ್ದು ಕೊಟ್ಟವರು! ನನಗೆ ಕುಣಿಯುವಂತಾಯಿತು. ಆ ದಿನ ಮನೆಗೆ ಬಂದವರನ್ನೆಲ್ಲ ಹಿಡಿದು ಅಂಗೈಗೆ ಸೋಡಾ ಹಾಕಿದೆ. ಸಾರಿಗೆ ಉಪ್ಪು ಹಾಕುವುದೇ ಮರೆತಿತ್ತು. ಇವಳಿಗೆ ತಲೆ ಕೆಟ್ಟಿದೆ ಎಂದರು ಯಜಮಾನರು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, ಉದಾಹರಣೆಯೊಂದಿಗೆ ವಿವರಿಸಿ ಎಂದು. ಪುಸ್ತಕದಲ್ಲಿದ್ದದ್ದು ಸುಟ್ಟ ಸುಣ್ಣಕ್ಕೆ ನೀರು ಹಾಕುವ ಉದಾಹರಣೆ. ಖುಷಿಯಲ್ಲಿ ನಾನು ನಮ್ಮ ಮೋಲ್ಡನ್ನೇ ಬರೆದೆ. ಮಾವ ಕಟ್ಟಿದ ಬದುವನ್ನೂ ಬಿಡಲಿಲ್ಲ. ಹೊರಗೆ ಬಂದು ಹೇಳಿದಾಗ ಹುಡುಗಿಯ ಮುಖ ಸಣ್ಣಗಾಯಿತು. ಬರೆದದ್ದು ಸರಿಯೇ, ಆದರೆ ಪುಸ್ತಕದಲ್ಲಿಲ್ಲವೆಂದು ತಿದ್ದುವವರು ಹೊಡೆದುಹಾಕಿದರೆ ಏನು ಮಾಡುವುದು ಎಂದಳು. ನಮ್ಮ ಚಾವಣಿಯ ಮೇಲೆ ನಿಜವಾದದ್ದು ಕಾಗದದ ಮೇಲೆ ಹೇಗೆ ಸುಳ್ಳಾಗುತ್ತದೆ ಎಂದು ಜಗಳಕ್ಕೇ ನಿಂತೆ. ಜಗಳವಾಡಿದೆ ನಿಜ, ಫಲಿತಾಂಶದವರೆಗೆ ದಿನಾ ಪುಸ್ತಕ ತೆಗೆದು ಆ ಸುಣ್ಣದ ಪುಟವನ್ನೇ ನೋಡುತ್ತಿದ್ದೆ.

ಫಲಿತಾಂಶ ಬಂದ ದಿನ ಅವಳ ಫೋನಿನ ಸುತ್ತ ನಾವೆಲ್ಲ ಮುತ್ತಿಕೊಂಡೆವು. ಅವಳು ಫೋನ್ ಕೆಳಗಿಟ್ಟು ನನ್ನನ್ನು ತಬ್ಬಿಕೊಂಡಳು. ಪಾಸು. ದಡ ಮುಟ್ಟುವಷ್ಟೇ ಅಂಕ, ಆದರೂ ಪಾಸು. ನಾನು ಎಲ್ಲರೆದುರೇ ಬಿಕ್ಕಿಬಿಕ್ಕಿ ಅತ್ತೆ.

ಯಜಮಾನರು ಗಾಡಿ ತೆಗೆದು ಯಲಹಂಕಕ್ಕೆ ಹೋಗಿ ಮೈಸೂರುಪಾಕು ತಂದರು. ನನ್ನ ಬಾಯಿಗಿಡುತ್ತಾ, "ಗೆದ್ದೆ ಬಿಡು. ಇನ್ನೂ ಓದ್ಬೇಕು ಅಂದ್ರೆ ಕಾಲೇಜಿಗೂ ಸೇರ್ಕೋ. ಆರ್ಟ್ಸ್ ತಗೊಂಡ್ರೆ ಸುಲಭ ಅಂತಾರೆ" ಎಂದರು.

ನಿಧಾನಕ್ಕೆ ಅಗಿದು ನುಂಗಿದೆ.

"ಸೈನ್ಸ್ ತಗೋತೀನಿ ಕಣ್ರೀ" ಎಂದೆ.